153 ಅಂಕದ ನಿದ್ದೆ

ರಾತ್ರಿಯಿಡೀ ವಾರ್ಡಿನಲ್ಲಿ ಕಳೆದು, ಬೆಳಿಗ್ಗೆ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ವೈದ್ಯವಿದ್ಯಾರ್ಥಿಯ ಕೈಗೆ ಒಂದು ಪ್ರಶ್ನಾವಳಿ ಬಂತು. ಅವನ ಭಾವನಾತ್ಮಕ ಬುದ್ಧಿಮತ್ತೆಯನ್ನು ಅಳೆಯಬೇಕಂತೆ. 33 ಹೇಳಿಕೆಗಳು, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಹುಡುಗ ಒಂದನ್ನೂ ಓದದೆ ಎಲ್ಲಕ್ಕೂ ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂದು ಗುರುತು ಹಾಕಿ ಮತ್ತೆ ತಲೆ ಒರಗಿಸಿದ.

ನಿಕೋಲಾ ಶುಟೆ ಮತ್ತು ಸಂಗಡಿಗರು 1998ರಲ್ಲಿ ರೂಪಿಸಿದ ಈ ಅಳತೆಗೋಲಿನಲ್ಲಿ ಗರಿಷ್ಠ ಅಂಕ 165. ಮೂರು ಹೇಳಿಕೆಗಳಿಗೆ ಮಾತ್ರ ಲೆಕ್ಕ ತಿರುಗುಮುರುಗು. ಒಪ್ಪಿದಷ್ಟೂ ಅಂಕ ಇಳಿಯುತ್ತದೆ. ಹಾಗಾಗಿ ನಮ್ಮ ಹುಡುಗನಿಗೆ ಮೂವತ್ತರಿಂದ 150, ಉಳಿದ ಮೂರರಿಂದ 3, ಒಟ್ಟು 153. ಇತರರ ಮನಸ್ಸು ತನಗೆ ಚೆನ್ನಾಗಿ ತಿಳಿಯುತ್ತದೆ ಎಂದೂ, ಏನೇನೂ ತಿಳಿಯುವುದಿಲ್ಲ ಎಂದೂ ಅವನು ಒಂದೇ ಹಾಳೆಯಲ್ಲಿ ಪ್ರಮಾಣ ಮಾಡಿದ್ದ. ಆದರೂ ತರಗತಿಗೇ ಮೊದಲಿಗ.

ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಪ್ರತಿ ಹೇಳಿಕೆಯನ್ನೂ ಓದಿದಳು. ಹಿಂದಿನ ರಾತ್ರಿ ತೀರಿಕೊಂಡ ರೋಗಿಯ ಮಗನಿಗೆ ಏನು ಹೇಳಬೇಕೆಂದು ತೋಚದೆ ಸುಮ್ಮನೆ ನಿಂತದ್ದು ನೆನಪಾಗಿ, ಹಲವೆಡೆ ಎರಡು, ಮೂರು ಎಂದು ಬರೆದಳು. ಅವಳಿಗೆ ಬಂದದ್ದು 96.

1990ರಲ್ಲಿ ಮನೋವಿಜ್ಞಾನಿಗಳಾದ ಸಾಲೊವೇ ಮತ್ತು ಮೇಯರ್ ಈ ಬುದ್ಧಿಮತ್ತೆಯನ್ನು ವಿವರಿಸಿದಾಗ ಹೇಳಿದ್ದು ಸರಳವಾಗಿತ್ತು: ತನ್ನ ಮತ್ತು ಪರರ ಭಾವನೆಗಳನ್ನು ಗುರುತಿಸಿ, ಯೋಚನೆಗೂ ನಡೆಗೂ ಅದನ್ನು ಬಳಸಿಕೊಳ್ಳುವುದು. ಇದರಿಂದ ರೋಗಿಗೆ ಏನು ಲಾಭ ಎಂದು ಯಾರಾದರೂ ಕೇಳಿದ್ದರೆ ಒಪ್ಪಬಹುದಿತ್ತು. ಆದರೆ ಈ 33 ಹೇಳಿಕೆಗಳನ್ನು ಹಂಚಿದವರು ಕೇಳಿದ್ದು, ಇದರಿಂದ ಅಂಗರಚನಾಶಾಸ್ತ್ರದ ಅಂಕ ಏರುತ್ತದೆಯೇ ಎಂದು! ತೋಳಿನ ನರಜಾಲದ ಕವಲುಗಳನ್ನು ಉರುಹೊಡೆಯುವವನು ಕರುಣಾಮಯಿಯಾದರೇನು, ಕಟುಕನಾದರೇನು, ಕವಲುಗಳು ಅಷ್ಟೇ ಇರುತ್ತವೆ. ಎರಡು ಅಂಕಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡಿದಾಗ ಸಂಬಂಧ ಸಿಕ್ಕರೆ ಸಂಭ್ರಮ; ಸಿಗದಿದ್ದರೆ ‘ಹೆಚ್ಚಿನ ಅಧ್ಯಯನ ಅಗತ್ಯ’. ಎರಡು ಫಲಿತಾಂಶಕ್ಕೂ ಮುಂದಿನ ಪ್ರಬಂಧ ಖಚಿತ.

ಪರರ ನೋವಿಗೆ ಮಿಡಿಯುವ ಅನುಭೂತಿಗೆ ನೇರವಾಗಿ ಅಂಕ ಸಿಗುವ ಜಾಗವೂ ಉಂಟು. ಪರೀಕ್ಷಕರ ಪಕ್ಷಪಾತ ತಗ್ಗಲೆಂದು ರೊನಾಲ್ಡ್ ಹಾರ್ಡನ್ 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಪರಿಚಯಿಸಿದ ಓಸ್ಕಿ (OSCE), ಅಂದರೆ ವೈದ್ಯವಿದ್ಯಾರ್ಥಿಗಳು ಒಂದೊಂದೇ ಕೋಣೆಗೆ ಹೋಗಿ ಕೊಡುವ ಪ್ರಾಯೋಗಿಕ ಪರೀಕ್ಷೆ ಅದು. ಉದ್ದೇಶ ಒಳ್ಳೆಯದೇ. ಗಂಟೆ ಬಾರಿಸಿದೊಡನೆ ವಿದ್ಯಾರ್ಥಿ ಒಳಬರುತ್ತಾನೆ. ಎದುರಿಗೆ ರೋಗಿಯ ಪಾತ್ರಧಾರಿ, ಮೂಲೆಯಲ್ಲಿ ಪಟ್ಟಿ ಹಿಡಿದ ಪರೀಕ್ಷಕ. ಕಣ್ಣಲ್ಲಿ ಕಣ್ಣಿಟ್ಟರೆ ಒಂದು ಅಂಕ, ‘ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ’ ಎಂದರೆ ಇನ್ನೊಂದು. ಯಾವ ಸಂಕಟ ಎಂಬುದು ಪಟ್ಟಿಯಲ್ಲಿಲ್ಲ. ಪಾತ್ರಧಾರಿ ಇನ್ನೇನು ಅಳಬೇಕು ಅನ್ನುವಷ್ಟರಲ್ಲಿ ಮತ್ತೆ ಗಂಟೆ. ಹುಡುಗ ಪಕ್ಕದ ಕೋಣೆಗೆ ಓಡುತ್ತಾನೆ. ಅಲ್ಲಿ ಪ್ಲಾಸ್ಟಿಕ್ ತೋಳಿಗೆ ಸೂಜಿ ಚುಚ್ಚಬೇಕು. ಅಭ್ಯಾಸಬಲದಿಂದ ಅದಕ್ಕೂ ‘ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ’ ಎನ್ನುತ್ತಾನೆ.

ಇತ್ತ, 153 ಅಂಕದವನ ಹೆಸರು ಸೂಚನಾಫಲಕ ಏರಿತು. 96 ಅಂಕದವಳಿಗೆ ಭಾವನಾತ್ಮಕ ಬುದ್ಧಿಮತ್ತೆ ಬೆಳೆಸುವ ಕಾರ್ಯಾಗಾರ, ಅದೂ ಅವಳು ಎರಡು ವಾರದಿಂದ ಕಾಯುತ್ತಿದ್ದ ರಜೆಯ ಭಾನುವಾರ. ತರಬೇತುದಾರರು ಎಲ್ಲರನ್ನೂ ವೃತ್ತಾಕಾರವಾಗಿ ಕೂರಿಸಿ, ಮೃದುವಾಗಿ ಕೇಳಿದರು: “ಈ ಕ್ಷಣ ನಿಮ್ಮೊಳಗೆ ಏನಾಗುತ್ತಿದೆ?”

“ನಿದ್ದೆ ಬರುತ್ತಿದೆ, ಸರ್.”

ಅವರು ತಲೆಯೆತ್ತದೆ ಬರೆದುಕೊಂಡರು: ಸ್ವಂತ ಭಾವನೆಗಳನ್ನು ಗುರುತಿಸಲಾರಳು.