ಸಾರಿಸಿದ ದಾರಿ

ಮುಂಜಾನೆ ಎದ್ದು ವೇತಾಳ ಟೇಕಡಿ ಅನ್ನುವ ಗುಡ್ಡ ಹತ್ತುವುದು ನನ್ನ ಇಪ್ಪತ್ತು ವರ್ಷದ ಚಟ. ಧಾರವಾಡ ಬಿಟ್ಟು ಪುಣೆಗೆ ಬಂದವನಿಗೆ ಅಲ್ಲಿಯ ಮಳೆ, ಪೇಢೆ, ಗುಡ್ಡ ಮೂರೂ ನೆನಪಾಗುತ್ತವೆ. ಮೊದಲೆರಡಕ್ಕೆ ಇಲ್ಲಿ ಬದಲಿ ಸಿಗಲಿಲ್ಲ. ಗುಡ್ಡ ಮಾತ್ರ ಕೋಥ್ರೂಡಿನ ಮನೆ ಹತ್ತಿರವೇ ಸಿಕ್ಕಿತು.

ಈ ಚಟವೇ ಹೋದ ಜನವರಿಯಲ್ಲಿ ಅಮೆರಿಕದಲ್ಲಿ ನನ್ನ ಮಾನ ಕಳೆಯಿತು.

ಮಗಳು ಇರುವುದು ಮಿನ್ನೆಸೋಟಾದ ಡುಲೂತ್‌ನಲ್ಲಿ, ಸುಪೀರಿಯರ್ ಸರೋವರದ ದಂಡೆಗೆ. ಹೋದ ಮೂರನೇ ದಿನ ರಾತ್ರಿ ಎರಡಕ್ಕೇ ಎಚ್ಚರ. ಬೆಳಕಾಗುವುದು ಏಳೂವರೆಗೆ. ಅಲ್ಲಿಯವರೆಗೆ ಸುಮ್ನೆ ಕೂತು, ಎರಡು ಸ್ವೆಟರ್, ಅಳಿಯನ ಜಾಕೆಟ್, ಮಂಕಿ ಕ್ಯಾಪ್ ಎಲ್ಲ ಏರಿಸಿಕೊಂಡು ಹೊರಟೆ. ಮನೆ ಹಿಂದಿನ ಕಾಡಿನಲ್ಲಿ ಅಗಲವಾದ ಬಿಳಿ ದಾರಿ. ಒಂದು ಕಡ್ಡಿ ಬಿದ್ದಿಲ್ಲ, ಒಂದು ಹೆಜ್ಜೆ ಗುರುತಿಲ್ಲ. ಒಂದು ಬದಿಗೆ ರೈಲು ಹಳಿಯ ಹಾಗೆ ಎರಡು ಗೆರೆ. ಉಳಿದ ಕಡೆ ಬಾಚಣಿಗೆಯಿಂದ ಬಾಚಿದಂಥ ಸಣ್ಣ ಸಾಲು. ಈ ಸಾಲಿಗೆ ಅಲ್ಲಿಯವರು ಕಾರ್ಡುರಾಯ್ ಅಂತಲೇ ಹೇಳುತ್ತಾರಂತೆ. ಮದುವೆಗೆ ಮುಂಚೆ ನನ್ನ ಹತ್ತಿರ ಅಂಥದೊಂದು ಪ್ಯಾಂಟ್ ಇತ್ತು. ವಾಕಿಂಗ್ ಮಾಡುವವರಿಗೆ ಎಷ್ಟು ಅನುಕೂಲ ಮಾಡಿಟ್ಟಿದ್ದಾರಲ್ಲ ಅಂದುಕೊಂಡು ಒಂದು ಹಳಿಯ ಮೇಲೆ ಒಂದು ಕಿಲೋಮೀಟರ್ ಹೋದೆ. ಬರುವಾಗ ಇನ್ನೊಂದರ ಮೇಲೆ ಬಂದೆ. ಒಂದನ್ನೇ ಯಾಕೆ ಸವೆಸಬೇಕು, ಅಲ್ವಾ?

ದಾರಿಯ ಬಾಯಲ್ಲಿ ನನ್ನದೇ ವಯಸ್ಸಿನ ಯಜಮಾನರೊಬ್ಬರು ಸ್ನೋಮೊಬೈಲ್ ಅನ್ನುವ ಹಿಮದ ಗಾಡಿ ನಿಲ್ಲಿಸಿಕೊಂಡು ನಿಂತಿದ್ದರು. ಮೀಸೆಯ ಮೇಲೆ ಮಂಜು ಗಟ್ಟಿಯಾಗಿತ್ತು. ಅವರು ನನ್ನ ಬೂಟು ನೋಡಿದರು. ದಾರಿ ನೋಡಿದರು. ಮತ್ತೆ ಬೂಟು ನೋಡಿದರು. ಆಮೇಲೆ ತಣ್ಣಗೆ ‘ಗುಡ್ ಮಾರ್ನಿಂಗ್’ ಅಂದರು. ಅಷ್ಟೇ. ಪುಣೆಯವರಾಗಿದ್ದರೆ ಎರಡು ಮಾತಿನಲ್ಲಿ ನನ್ನ ಏಳು ತಲೆಮಾರನ್ನು ಮುಗಿಸಿಬಿಡುತ್ತಿದ್ದರು, ಆಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದೆವು.

‘ಅಪ್ಪಾ, ಅದು ಸ್ಕೀ ಹಾದಿ!’ ಅಂತ ಮಗಳು ತಲೆ ಹಿಡಿದುಕೊಂಡಳು. ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವವರಿಗೆ ಮಾಡಿದ ಹಾದಿ. ಆ ಯಜಮಾನರಿಗೆ ಸಂಬಳ ಇಲ್ಲ, ಸ್ವಯಂಸೇವಕರು. ಮೈನಸ್ ಇಪ್ಪತ್ತರ ಚಳಿಯಲ್ಲಿ ರಾತ್ರಿ ಇಡೀ ಹಿಮ ಒತ್ತಿ, ಗೆರೆ ಎಳೆದಿದ್ದರು. ರಾತ್ರಿಯೇ ಯಾಕೆ ಅಂದರೆ, ಒತ್ತಿದ ಹಿಮದ ಕಣಗಳು ಚಳಿಯಲ್ಲಿ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗಲು ಕೆಲವು ತಾಸು ಬೇಕು. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಮಗಳು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಹೆಂಡತಿ ಒಂದು ಮಾತಿನಲ್ಲಿ ಮುಗಿಸಿದಳು: ‘ಸಾರಿಸಿದ ಅಂಗಳದಾಗ ಕಾಲಿಟ್ಟು ಬಂದ್ರಿ ಅನ್ರಿ.’

ಪ್ರಾಯಶ್ಚಿತ್ತಕ್ಕೆ ಶನಿವಾರ ನಾನೂ ಆ ತಂಡ ಸೇರಿದೆ. ಅವರ ನಿಜವಾದ ಕೆಲಸ ಹಿಮ ಬೀಳುವ ಮೊದಲೇ ಶುರುವಾಗುತ್ತದೆಯಂತೆ. ಬಿದ್ದ ಮರ ಕತ್ತರಿಸಬೇಕು, ಪೊದೆ ಸವರಬೇಕು. ಎಲೆಗಳನ್ನೂ ಊದಿ ಪಕ್ಕಕ್ಕೆ ಹಾಕಬೇಕು, ಯಾಕೆಂದರೆ ಕಪ್ಪು ಎಲೆ ಬಿಸಿಲು ಹೀರಿ ಸುತ್ತಲಿನ ಹಿಮ ಕರಗಿಸುತ್ತದೆ. ಇದನ್ನೆಲ್ಲ ಕೇಳಿಸಿಕೊಂಡು ತಲೆ ಆಡಿಸಿದೆ. ನನ್ನ ಪಾಲಿಗೆ ಬಂದದ್ದು ಹಳ್ಳದ ಮೇಲಿನ ಮರದ ಸೇತುವೆ. ಅದರ ಮೇಲೆ ಹಿಮ ಸುರಿಯಬೇಕಂತೆ, ಇಲ್ಲದಿದ್ದರೆ ಹಲಗೆಗೆ ಸ್ಕೀ ಉಜ್ಜುತ್ತದೆ. ನಾಲ್ಕು ದಿನದಿಂದ ಮಗಳ ಮನೆ ಮುಂದೆ ಸಲಿಕೆಯಿಂದ ಹಿಮ ಎತ್ತಿ ಎತ್ತಿ ಎಸೆದಿದ್ದೆ. ಈಗ ಅದೇ ಸಲಿಕೆ, ಅದೇ ಹಿಮ, ಹೊತ್ತು ತಂದು ಹಾಸಬೇಕು! ಇರಲಿ ಅಂತ ಹುರುಪಿನಿಂದ ಇಪ್ಪತ್ತು ಸಲಿಕೆ ಹಾಕಿದೆ. ಹಿಂತಿರುಗಿ ನೋಡಿದರೆ ಎಲ್ಲರೂ ಸುಮ್ಮನೆ ನಿಂತಿದ್ದಾರೆ. ನಾನು ಹಿಮ ತೋಡಿದ್ದು ಸೇತುವೆಯ ಬಾಯಲ್ಲೇ, ಅವರು ಒತ್ತಿಟ್ಟ ದಾರಿಯಿಂದ. ಎಮ್ಮೆ ಮಲಗುವಷ್ಟು ಗುಂಡಿ ಬಿದ್ದಿತ್ತು.

ಆಮೇಲೆ ನನಗೆ ಕಾಫಿ ಫ್ಲಾಸ್ಕ್ ಹಿಡಿಯುವ ಕೆಲಸ ಕೊಟ್ಟರು.

ಅಳಿಯನಿಗೆ ಸ್ಕೀಗಿಂತ ಹಿಮದ ಸೈಕಲ್ಲೇ ಇಷ್ಟ. ಟೈರಿನ ಅಗಲ ನಾಲ್ಕು ಇಂಚಿಗೂ ಜಾಸ್ತಿ, ಗಾಳಿಯ ಒತ್ತಡ ಹತ್ತು ಪಿಎಸ್‌ಐಗೂ ಕಡಿಮೆ. ನಮ್ಮ ಪೌಡ್ ರಸ್ತೆಯ ಪಂಕ್ಚರ್ ಅಂಗಡಿಯವ ನೋಡಿದರೆ ಟ್ಯೂಬ್ ಬಿಚ್ಚಲು ಶುರು ಮಾಡುತ್ತಾನೆ. ಆ ಸೈಕಲ್ಲಿಗೆ ಬೇರೆ ಸಣ್ಣ ಹಾದಿ ಇದೆ. ಅದನ್ನು ಹಿಮದಲ್ಲಿ ನಡೆಯುವ ಅಗಲ ಚಪ್ಪಲಿ ಕಟ್ಟಿಕೊಂಡು ತುಳಿದು ತುಳಿದು ಗಟ್ಟಿ ಮಾಡಬಹುದು. ನಡೆಯುವುದೇ ಸೇವೆ! ಇದು ನನ್ನ ಕೆಲಸ ಅಂತ ಇಳಿದೆ. ಹತ್ತನೇ ಹೆಜ್ಜೆಗೆ ಎಡಗಾಲ ಚಪ್ಪಲಿಯ ಮೇಲೆ ಬಲಗಾಲು ಇಟ್ಟೆ. ಹಾದಿಯ ನಟ್ಟನಡುವೆ ಮಂಕಿ ಕ್ಯಾಪಿನ ಗೊಂಡೆ ಸಮೇತ ನನ್ನ ಅಚ್ಚು ಮೂಡಿತು.

ಅಕ್ಟೋಬರಿನಲ್ಲಿ, ಪುಣೆಯ ಮಳೆ ನಿಂತ ಮೇಲೆ, ನಮ್ಮ ಟೇಕಡಿಯ ದಾರಿ ರಿಪೇರಿ ಮಾಡುವ ಗುಂಪಿಗೆ ಹೆಸರು ಕೊಟ್ಟೆ. ಅಮೆರಿಕದಲ್ಲಿ ಅನುಭವ ಇದೆ ಅಂದೆ. ಎಂಥ ಅನುಭವ ಅಂತ ಯಾರೂ ಕೇಳಲಿಲ್ಲ.

ಮೊದಲ ದಿನ ಕಾಂಗ್ರೆಸ್ ಗಿಡ ಕೀಳುವುದು. ಈ ಗಿಡ ನಮ್ಮ ದೇಶದಲ್ಲಿ ಕಣ್ಣಿಗೆ ಬಿದ್ದದ್ದು ಇದೇ ಪುಣೆಯಲ್ಲಿ, 1955ರ ಸುಮಾರಿಗೆ. ಅಮೆರಿಕದ ಗೋಧಿಯ ಜೊತೆ ಬಂತು ಅಂತ ಹೇಳುತ್ತಾರೆ. ಅಂದರೆ ಅವರು ನಮ್ಮ ದಾರಿ ಕೆಡಿಸಿ 70 ವರ್ಷ ಆಯಿತು, ನಾನು ಅವರದ್ದು ಕೆಡಿಸಿದ್ದು ಬರೀ ಎರಡು ಕಿಲೋಮೀಟರ್. ಈ ಲೆಕ್ಕ ಹಾಕಿಕೊಂಡು ಖುಷಿಯಲ್ಲಿ ಬರಿಗೈಯಲ್ಲೇ ಕಿತ್ತೆ. ರಾತ್ರಿ ಮೊಣಕೈವರೆಗೆ ತುರಿಕೆ, ಬೆಳಗಿನವರೆಗೆ ಸೀನು. ‘ಕೈಗವಸು ಹಾಕ್ಕೊಂಡು ಕೀಳಬೇಕ್ರೀ ಅದನ್ನ’ ಅಂತ ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚಿದಳು.

ಮುಂದಿನ ಭಾನುವಾರ ಮಳೆನೀರು ಕೊರೆದ ಕೊರಕಲು ಮುಚ್ಚಿದೆವು. ನೀರು ಪಕ್ಕಕ್ಕೆ ಹರಿಯಲು ಓರೆಯಾಗಿ ಕಲ್ಲು ಹೂಳಿ, ಗರಸು ಸುರಿದು, ನೀರು ಚಿಮುಕಿಸಿ, ಧಮ್ಮಸು ಹೊಡೆದೆವು. ಸಂಜೆ ಅದು ಸಾರಿಸಿದ ಅಂಗಳದ ಹಾಗೇ ಕಂಡಿತು. ಒಂದೆರಡು ದಿನ ಒಣಗಬೇಕು.

ಮರುದಿನ ಆರಕ್ಕೆ ಹೋಗಿ ಕಾವಲು ನಿಂತೆ. ಮೊದಲು ಬಂದವರು ಟ್ರ್ಯಾಕ್ ಸೂಟಿನ ಒಬ್ಬರು. ಸೀದಾ ಹಸಿ ಗರಸಿನ ಮೇಲೆ ಕಾಲಿಟ್ಟರು. ನಾನು ಡುಲೂತಿನ ಯಜಮಾನರ ಹಾಗೆ ಅವರ ಬೂಟು ನೋಡಿದೆ, ದಾರಿ ನೋಡಿದೆ, ಮತ್ತೆ ಬೂಟು ನೋಡಿದೆ. ಅವರು ಕಳವಳದಿಂದ, ‘ಕಾಕಾ, ಕಾಯ್ ಹರವ್ಲಂ?’ ಅಂದರು. ಏನು ಕಳೆದುಕೊಂಡಿರಿ ಅಂತ! ನಾನು ಬಾಯಿ ತೆಗೆಯುವ ಮೊದಲೇ ಬಗ್ಗಿ ಹುಡುಕಲು ಶುರು ಮಾಡಿದರು. ಹಿಂದೆ ಬಂದ ಇಬ್ಬರು, ಒಂದು ನಾಯಿ, ಎಲ್ಲರೂ ಸೇರಿಕೊಂಡರು. ಕಾಲು ಗಂಟೆ ಎಲ್ಲರೂ ಹಸಿ ನೆಲದ ಮೇಲೆ ನನ್ನ ಕನ್ನಡಕ ಹುಡುಕಿದರು. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು.

ಮತ್ತೆ ಗರಸು ಹಾಕಿದೆವು. ಈ ಸಲ ಪುಣೇರಿ ಪದ್ಧತಿಯಂತೆ ಒಂದು ಪಾಟಿ ಬರೆದು ನೆಟ್ಟೆ. ಕುಹಕದ ಬೋರ್ಡಿಗೆ ಈ ಊರು ಹೆಸರುವಾಸಿ. ನಾನೇನು ಕಡಿಮೆ ಅಂತ ಮರಾಠಿಯಲ್ಲಿ ಎಂಟು ಸಾಲು ಬರೆದೆ. ಜಾಗ ಸಾಲದೆ ಅಕ್ಷರ ಸಣ್ಣದಾಯಿತು.

ಬೆಳಿಗ್ಗೆ ನೋಡಿದರೆ ಪಾಟಿಯ ಮುಂದೆ ಅರ್ಧವೃತ್ತದಲ್ಲಿ ಹೆಜ್ಜೆಗಳೇ ಹೆಜ್ಜೆ. ಓದಲು ಹತ್ತಿರ ಬರಲೇಬೇಕಲ್ಲ. ಒಬ್ಬ ಅಜ್ಜನವರು ಇನ್ನೂ ಅಲ್ಲೇ, ಗರಸಿನಲ್ಲಿ ಎರಡೂ ಕಾಲು ಊರಿಕೊಂಡು, ಪೆನ್ನು ಹಿಡಿದು ನನ್ನ ಹ್ರಸ್ವ-ದೀರ್ಘ ತಿದ್ದುತ್ತಿದ್ದರು. ಐದನೇ ಸಾಲಿಗೆ ಬಂದಿದ್ದರು.

ಫೋಟೋ ತೆಗೆದು ಮಗಳಿಗೆ ಕಳಿಸಿ, ಆ ಯಜಮಾನರಿಗೆ ತೋರಿಸು ಅಂದೆ. ರಾತ್ರಿ ಅವಳ ಮೂಲಕ ಉತ್ತರ ಬಂತು.

‘ಗುಡ್ ಮಾರ್ನಿಂಗ್.’