ಎಷ್ಟು ಯೂನಿಟ್ ಎಂದು ಕೇಳಿದ್ದು ಸಾಕು, ಎಷ್ಟು ಹೊತ್ತಿಗೆ ಎಂದೂ ಕೇಳೋಣ

ಭೂಮಿ ಬಿಸಿಯಾಗುತ್ತಿದೆ, ಮನೆಯಲ್ಲಿ ಕೂತು ನಾವೇನು ಮಾಡಬಹುದು ಎಂಬ ಮಾತು ಬಂದಾಗಲೆಲ್ಲ ಲೈಟ್ ಆರಿಸಿ, ಗಿಡ ನೆಡಿ, ಬಟ್ಟೆ ಚೀಲ ಹಿಡಿಯಿರಿ ಎನ್ನುವಲ್ಲಿಗೆ ಚರ್ಚೆ ಮುಗಿದುಹೋಗುತ್ತದೆ. ಎಲ್ಲವೂ ಒಳ್ಳೆಯದೇ, ಬೇಡ ಎನ್ನುವವನಲ್ಲ ನಾನು. ಆದರೆ ವಿದ್ಯುತ್ ಇಲಾಖೆಯಲ್ಲಿ ಲೋಡ್ ಡಿಸ್ಪ್ಯಾಚ್ ಕೆಲಸ, ಅಂದರೆ ಯಾವ ಹೊತ್ತಿಗೆ ಯಾವ ಘಟಕದಿಂದ ಎಷ್ಟು ಕರೆಂಟು ಬರಬೇಕು ಎಂದು ನೋಡುವ ಕೆಲಸ, ಮಾಡಿ ನಿವೃತ್ತನಾದವನಿಗೆ ಲೆಕ್ಕ ಬೇರೆ ಥರ ಕಾಣುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಒಂದು ಗಂಟೆ ಆರಿಸಿ ಉಳಿಸಿದ ಕರೆಂಟನ್ನು 2,000 ವ್ಯಾಟಿನ ಗೀಸರ್ ಹದಿನಾರು ಸೆಕೆಂಡಿನಲ್ಲಿ ಮುಗಿಸುತ್ತದೆ. ಬಲ್ಬಿನ ಬಗ್ಗೆ ಮಕ್ಕಳನ್ನು ಗದರುವ ಮನೆಗಳಲ್ಲಿ ಗೀಸರ್ ಸ್ವಿಚ್ ಬೆಳಗಿನಿಂದ ಹಾಕಿದ್ದು ಹಾಗೇ ಇರುತ್ತದೆ. ಕಾಯಿಸುವುದು, ತಣಿಸುವುದು, ನೀರು ಮೇಲೆತ್ತುವುದು: ಮನೆಯ ಕರೆಂಟು ಹೆಚ್ಚಾಗಿ ಹೋಗುವುದು ಇಲ್ಲಿಗೆ. ಗಮನವೂ ಇಲ್ಲಿಗೇ ಹೋಗಬೇಕು.

ಅದರ ಜೊತೆಗೆ ಗಡಿಯಾರವನ್ನೂ ನೋಡಬೇಕು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ಮನೆಗೆ ಬರುವ ಯೂನಿಟ್ಟೂ ರಾತ್ರಿ ಎಂಟಕ್ಕೆ ಬರುವ ಯೂನಿಟ್ಟೂ ಮೀಟರಿಗೆ ಒಂದೇ. ಹುಟ್ಟುವ ಜಾಗ ಮಾತ್ರ ಬೇರೆ. ಹಗಲಲ್ಲಿ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿದೆ, ಚಿತ್ರದುರ್ಗ, ಕೊಪ್ಪಳ, ಕಲಬುರಗಿ ಕಡೆಯ ಸೌರ ಘಟಕಗಳಿವೆ. ಬಿಸಿಲು ಇಳಿಯಿತೆಂದರೆ ಇವೆಲ್ಲ ಒಂದೆರಡು ತಾಸಿನೊಳಗೆ ಸೊನ್ನೆಗೆ ಬರುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಜನ ಮನೆ ಸೇರಿ ಲೈಟು, ಟಿವಿ, ಮಿಕ್ಸಿ, ಇಂಡಕ್ಷನ್, ಎಸಿ ಎಲ್ಲ ಹಾಕುತ್ತಾರೆ. ಆಗ ಕೈಹಿಡಿಯುವುದು ಶರಾವತಿ, ವಾರಾಹಿಯ ನೀರು, ಮತ್ತೆ ಕಲ್ಲಿದ್ದಲು. ಕಲ್ಲಿದ್ದಲಿನ ಸ್ಥಾವರಗಳೆಂದರೆ ರಾಯಚೂರಿನ ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವ್ಯಾಟ್, ಕುಡತಿನಿಯ ಬಿಟಿಪಿಎಸ್ 1,700, ಯರಮರಸ್ 1,600. ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸುಟ್ಟರೆ ಚಿಮಣಿಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಒಂದು ಕಿಲೋಗೆ ಹತ್ತಿರ.

ಸಂಜೆಗೆ ಬೇಕು ಎಂದು ಆ ಬಾಯ್ಲರುಗಳನ್ನು ಮಧ್ಯಾಹ್ನ ಪೂರ್ತಿ ಆರಿಸಲಿಕ್ಕೂ ಬರುವುದಿಲ್ಲ. ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಮತ್ತೆ ಏರಿಸಲು ಗಂಟೆಗಟ್ಟಲೆ ಬೇಕು. ಹಾಗಾಗಿ ಬೇಡಿಕೆ ಕಡಿಮೆ ಇರುವ ದಿನ ಮಟಮಟ ಮಧ್ಯಾಹ್ನದಲ್ಲಿ ಸೋಲಾರನ್ನೇ ತಗ್ಗಿಸಿ ಎನ್ನಬೇಕಾದ ಸಂದರ್ಭ ಬರುತ್ತದೆ. ಬಿಸಿಲಿನಿಂದ ಬಂದ ಕರೆಂಟನ್ನು ಬೇಡ ಎಂದು, ಕಲ್ಲಿದ್ದಲು ಸುಡುತ್ತಾ ಕೂರುವುದು. ಆ ಸಂಕಟ ನೋಡಿದವನಾದ್ದರಿಂದ ಕೇಳಿಕೊಳ್ಳುತ್ತೇನೆ: ವಾಷಿಂಗ್ ಮಷಿನ್, ಇಸ್ತ್ರಿ, ಗ್ರೈಂಡರ್, ಸಂಪಿನಿಂದ ಟ್ಯಾಂಕಿಗೆ ನೀರೇರಿಸುವ ಮೋಟಾರ್, ಇ-ಸ್ಕೂಟರ್ ಚಾರ್ಜಿಂಗ್ ಇವನ್ನು ಹತ್ತರಿಂದ ನಾಲ್ಕರ ಒಳಗೆ ಮುಗಿಸಿ. ಕೆಲಸಕ್ಕೆ ಹೋಗುವವರಿಗೆ ವಾರದ ದಿನ ಕಷ್ಟ, ಭಾನುವಾರ ಆಗುತ್ತದೆ. ಟೈಮರ್ ಇರುವ ಮಷಿನ್‌ಗೆ ವಾರದ ದಿನವೂ ಆಗುತ್ತದೆ. ಅಪಾರ್ಟ್‌ಮೆಂಟಿನವರಿಗೆ ಇನ್ನೂ ಸುಲಭ. ಇಡೀ ಕಟ್ಟಡದ ಪಂಪ್ ಹಾಕುವುದು ಒಬ್ಬರೇ, ಅಸೋಸಿಯೇಷನ್‌ನವರು ಅವರಿಗೆ ಹೊತ್ತು ಹೇಳಿದರೆ ಮುಗಿಯಿತು. ಒಂದು ರೂಪಾಯಿ ಖರ್ಚಿಲ್ಲದ ಬದಲಾವಣೆ ಇದು.

ಇನ್ನು ಸ್ನಾನದ ನೀರು. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು ಮೂರೂವರೆ ಯೂನಿಟ್ ಬೇಕು. ಎಷ್ಟೇ ಸ್ಟಾರ್ ಇರುವ ಗೀಸರ್ ತಂದರೂ ಇದರಲ್ಲಿ ರಿಯಾಯಿತಿ ಇಲ್ಲ, ನೀರಿನ ಗುಣವೇ ಅದು. ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರ್ ಇಷ್ಟೊಂದು ಇರುವುದು ನಮ್ಮ ಹೆಮ್ಮೆ. ಆದರೆ ತುಂಬಾ ಮನೆಗಳಲ್ಲಿ ಅದರೊಳಗಿನ, ಬಿಸಿಲಿಲ್ಲದ ದಿನ ಕರೆಂಟಿನಿಂದ ನೀರು ಕಾಯಿಸುವ, ಬ್ಯಾಕಪ್ ಕಾಯಿಲ್‌ನ ಸ್ವಿಚ್ಚನ್ನು ಮಳೆಗಾಲದಲ್ಲಿ ಹಾಕಿದವರು ಬೇಸಿಗೆಯಲ್ಲೂ ತೆಗೆಯುವುದಿಲ್ಲ. ಸಂಜೆ ಬಿಸಿನೀರು ಬಳಸಿದಿರಿ, ತಣ್ಣೀರು ಒಳಗೆ ಬಂತು, ಕಾಯಿಲ್ ರಾತ್ರಿಯೇ ಅದನ್ನು ಕಾಯಿಸಿಟ್ಟಿತು, ಬೆಳಿಗ್ಗೆ ಬಿಸಿಲಿಗೆ ಕೆಲಸವೇ ಉಳಿಯಲಿಲ್ಲ. ಮೇಲೆ ಸೋಲಾರ್ ಇದೆ, ಓಡುತ್ತಿರುವುದು ರಾಯಚೂರಿನ ಕಲ್ಲಿದ್ದಲಿನ ಮೇಲೆ. ಈ ವಾರವೇ ಒಮ್ಮೆ ಆ ಸ್ವಿಚ್ ಎಲ್ಲಿದೆ ಎಂದು ಹುಡುಕಿ ನೋಡಿ. ಶವರ್ ಬದಲು ಬಕೆಟ್ ಸ್ನಾನ ಮಾಡುವವರಿಗೆ ಕೈಮುಗಿಯುತ್ತೇನೆ. ಒಂದು ಬಕೆಟ್ ಹದವಾದ ನೀರಿಗೆ ಅರ್ಧ ಯೂನಿಟ್ ಸಾಕು.

ನೀರನ್ನು ಕಾಯಿಸುವುದಿರಲಿ, ಬೆಂಗಳೂರಿನಲ್ಲಿ ನಲ್ಲಿ ನೀರೇ ಕರೆಂಟು. ಕಾವೇರಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ ನೀರನ್ನು ಈ ಎತ್ತರಕ್ಕೆ ತರುತ್ತಾರೆ. ಏರುವ ಎತ್ತರ, ಕೊಳವೆಯ ಘರ್ಷಣೆ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಸಾವಿರ ಲೀಟರಿಗೆ ಎರಡು ಯೂನಿಟ್‌ನ ಆಸುಪಾಸು. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಬಂದು ಹೊರವಲಯದ ಹಳ್ಳಿಗಳಿಗೂ ನೀರು ಹೋಗುತ್ತಿರುವುದು ಆಗಲೇಬೇಕಿದ್ದ ಕೆಲಸ. ಆ ನೀರಲ್ಲಿ ಕಾರು ತೊಳೆಯುವುದು ಮಾತ್ರ ಆಗಬಾರದು. ಮಳೆನೀರನ್ನು ಸಂಪಿಗೆ ಇಳಿಸಿದವರು ಅಂತರ್ಜಲದ ಜೊತೆಗೆ ಅಷ್ಟು ಪಂಪಿಂಗನ್ನೂ ಉಳಿಸುತ್ತಾರೆ.

ತಣಿಸುವ ಕೆಲಸದಲ್ಲಿ ಮೊದಲು ಫ್ಯಾನ್. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆದರೆ, ಕಡಿಮೆ ಕರೆಂಟಿನ ಮೋಟಾರ್ ಇರುವ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸಿನಲ್ಲೇ ಅಷ್ಟೇ ಗಾಳಿ ಕೊಡುತ್ತದೆ. ರಾತ್ರಿಯಿಡೀ ತಿರುಗುವ ಫ್ಯಾನನ್ನು ಮೊದಲು ಬದಲಿಸಿ, ಅತಿಥಿಗಳ ಕೋಣೆಯದು ಆಮೇಲೆ.

ಎಸಿ ಬಗ್ಗೆ ಎಚ್ಚರದಿಂದ ಮಾತಾಡಬೇಕು. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯಲ್ಲಿ ಮಲಗುವವರಿಗೆ ಎಸಿ ಬೇಡ ಎಂದು ಬೆಂಗಳೂರಿನಲ್ಲಿ ಕೂತು ಉಪದೇಶಿಸುವುದು ತಪ್ಪು. 2024ರ ಏಪ್ರಿಲ್‌ನಲ್ಲಿ ಬೆಂಗಳೂರೇ 38 ಡಿಗ್ರಿ ದಾಟಿತ್ತು. ಮನೆಯಲ್ಲಿ ವಯಸ್ಸಾದವರು, ಹಸುಗೂಸುಗಳು ಇದ್ದರೆ ಎಸಿ ಬೇಕಾಗಬಹುದು. ಹಾಕಿ, ಆದರೆ 24ಕ್ಕಿಂತ ಕೆಳಗೆ ಇಳಿಸಬೇಡಿ. ಒಂದೊಂದು ಡಿಗ್ರಿ ಮೇಲಿಟ್ಟಂತೆ ಸುಮಾರು ನೂರಕ್ಕೆ ಆರರಷ್ಟು ಕರೆಂಟ್ ಉಳಿಯುತ್ತದೆ ಎನ್ನುವುದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ ಲೆಕ್ಕ. 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡರೆ ನಿದ್ದೆಗೆ ಏನೂ ಕೊರತೆ ಆಗುವುದಿಲ್ಲ.

ಆದರೆ ಎಸಿಯಲ್ಲಿ ಕರೆಂಟಿಗಿಂತ ನನ್ನನ್ನು ಹೆಚ್ಚು ಕಾಡುವುದು ಅದರೊಳಗಿನ ಗ್ಯಾಸ್. ಹಳೆಯ ಎಸಿಗಳಲ್ಲಿರುವ ಆರ್-22 ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,800 ಪಟ್ಟು ಬಿಸಿ ಹಿಡಿಯುತ್ತದೆ, ಆರ್-410ಎ ಸುಮಾರು 2,000 ಪಟ್ಟು, ಈಗ ಹೆಚ್ಚಾಗಿ ಬರುವ ಆರ್-32 ಸುಮಾರು 675 ಪಟ್ಟು. ಒಂದೂವರೆ ಟನ್ನಿನ ಎಸಿಯಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸ್ ಇರುತ್ತದೆ. ಆ ಒಂದು ಕಿಲೋ ಆರ್-22 ಸೋರಿಹೋದರೆ 780 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. ಬಲ್ಬು, ಫ್ಯಾನು ಎಂದು ವರ್ಷಗಟ್ಟಲೆ ಉಳಿಸಿದ್ದು ಒಂದು ಮಧ್ಯಾಹ್ನದಲ್ಲಿ ಹೋಯಿತು. ಪ್ರತಿ ಬೇಸಿಗೆಗೆ "ಸಾರ್, ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು" ಎಂದು ಸರ್ವಿಸ್‌ನವರು ಹೇಳಿದರೆ ಸುಮ್ಮನೆ ಹೂಂ ಅನ್ನಬೇಡಿ. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನ ಹಾಗೆ ಖರ್ಚಾಗುವುದಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಖಾಲಿಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆ ಎಲ್ಲಿ ಎಂದು ಹುಡುಕಿ, ಬೆಸುಗೆ ಹಾಕಿ, ಆಮೇಲೆ ತುಂಬಿಸಿ ಎಂದು ಹೇಳಿ. ಮನೆ ಬದಲಿಸಲು ಎಸಿ ಬಿಚ್ಚಿಸುವಾಗ ಗ್ಯಾಸನ್ನು ಹೊರಗಿನ ಯೂನಿಟ್ಟಿಗೇ ಎಳೆದುಕೊಂಡು ವಾಲ್ವ್ ಮುಚ್ಚುವ ಕ್ರಮವಿದೆ, ಪಂಪ್ ಡೌನ್ ಅನ್ನುತ್ತಾರೆ. ಎದುರಿಗೆ ನಿಂತು ಅದನ್ನು ಮಾಡಿಸಿ. ಇವುಗಳಲ್ಲಿ ಆರ್-410ಎ, ಆರ್-32ರಂಥ ಅನಿಲಗಳ ಬಳಕೆಯನ್ನು ಇಳಿಸುವ ಕಿಗಾಲಿ ಒಪ್ಪಂದ ಆದದ್ದು 2016ರಲ್ಲಿ, ಭಾರತ ಅನುಮೋದಿಸಿದ್ದು 2021ರಲ್ಲಿ, ನಮಗೆ ಮಿತಿ ಶುರುವಾಗುವುದು 2028ಕ್ಕೆ. ನಿಮ್ಮ ಬಾಲ್ಕನಿಯ ಯೂನಿಟ್ಟಿಗೆ ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ.

ಭಾರತದಲ್ಲಿ ತಲಾ ಹೊರಬೀಳುವ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಎರಡು ಟನ್ನಿನ ಆಸುಪಾಸು, ಅಮೆರಿಕದ್ದು ಹದಿನಾಲ್ಕರ ಆಸುಪಾಸು, ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಗೆಳೆಯರು ಕೇಳುತ್ತಾರೆ. ದೇಶಗಳ ನಡುವಿನ ಮಾತುಕತೆಯಲ್ಲಿ ಆ ವಾದ ನೂರಕ್ಕೆ ನೂರು ಸರಿ, ಅಲ್ಲಿ ಅದನ್ನು ಬಿಟ್ಟುಕೊಡಲೂ ಬಾರದು. ಆದರೆ ಆ ಎರಡು ಟನ್ ಬರುವುದು ಯಾದಗಿರಿಯ ಕೂಲಿ ಹೆಣ್ಣುಮಗಳನ್ನೂ ಎರಡು ಕಾರು, ಮೂರು ಎಸಿ ಇರುವ ನಮ್ಮಂಥವರನ್ನೂ ಸೇರಿಸಿ ಭಾಗಿಸಿದಾಗ. ಆಕೆಯ ಬಡತನದ ಮರೆಯಲ್ಲಿ ನಾವು ನಿಲ್ಲುವುದು ನ್ಯಾಯವಲ್ಲ. ಬಿಸಿಲು ಮೊದಲು ಹೊಡೆಯುವುದೂ ಆಕೆಯನ್ನೇ, ರಸ್ತೆ ಗುಡಿಸುವ ಪೌರಕಾರ್ಮಿಕರನ್ನೇ.

ಓಡಾಟದ ಲೆಕ್ಕವೂ ಅಷ್ಟೇ ನೇರ. ಒಂದು ಲೀಟರ್ ಪೆಟ್ರೋಲ್ ಎಂದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ಟ್ರಾಫಿಕ್ಕಿನಲ್ಲಿ ಲೀಟರಿಗೆ ಹನ್ನೆರಡು ಕೊಡುವ ಕಾರಿನಲ್ಲಿ ಒಬ್ಬರೇ ಹೋದರೆ ಕಿಲೋಮೀಟರಿಗೆ 190 ಗ್ರಾಂ. ಲೀಟರಿಗೆ ನಾಲ್ಕೇ ಕಿಲೋಮೀಟರ್ ಓಡುವ ಡೀಸೆಲ್ ಬಸ್ಸಿನಲ್ಲಿ ನಲವತ್ತು ಜನ ಇದ್ದರೆ ತಲೆಗೆ 17 ಗ್ರಾಂ. ಮನೆಗೆ ತಿಂಗಳಿಡೀ ಅಡುಗೆ ಮಾಡುವ ಒಂದು ಸಿಲಿಂಡರ್ ಗ್ಯಾಸಿನಿಂದ ಬರುವುದು ಸುಮಾರು 42 ಕಿಲೋ. ದಿನಕ್ಕೆ ಮೂವತ್ತು ಕಿಲೋಮೀಟರ್ ಕಾರು ಓಡಿಸಿದರೆ ಒಂದು ವಾರಕ್ಕೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅದಕ್ಕೇ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯನ್ನು ನಾನು ಪರಿಸರದ ಯೋಜನೆ ಎಂದೂ ನೋಡುತ್ತೇನೆ. ಬಸ್ ಹತ್ತುವವರು ಹೆಚ್ಚಾದಷ್ಟೂ ಒಳ್ಳೆಯದು. ಅದೇ ಕಾರಣಕ್ಕೆ 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಗರಿಷ್ಠ 90 ರೂಪಾಯಿಗೆ ಏರಿದ್ದು ನನಗೆ ಈಗಲೂ ಒಪ್ಪಿಗೆಯಿಲ್ಲ. ಸ್ಕೂಟರ್ ಬಿಟ್ಟು ಮೆಟ್ರೋಗೆ ಬಂದವರನ್ನು ಸ್ಕೂಟರಿಗೇ ವಾಪಸ್ ಕಳಿಸುವ ದರ ಅದು.

ಅಡುಗೆಮನೆಯಲ್ಲಿ ಅನ್ನ ಮಿಗದಂತೆ ಅಳತೆ ಮಾಡಿ ಇಡುವುದು ದೊಡ್ಡದು. ನೀರು ನಿಲ್ಲಿಸಿ ಬೆಳೆಯುವ ಭತ್ತದ ಗದ್ದೆಯೇ ಭೂಮಿಯನ್ನು ಬಿಸಿಮಾಡುವ ಮೀಥೇನ್ ಅನಿಲ ಹೊರಡಿಸುತ್ತದೆ, ಆ ಅನ್ನವನ್ನು ಕಸಕ್ಕೆ ಹಾಕಿದರೆ ಕಸದ ರಾಶಿಯಡಿ ಕೊಳೆತು ಇನ್ನೊಮ್ಮೆ ಮೀಥೇನ್. ಹಳೇ ಮೈಸೂರಿನವರು ಮುದ್ದೆಗೆ, ಉತ್ತರದವರು ಜೋಳದ ರೊಟ್ಟಿಗೆ ಮರಳಿದರೆ ಹೊಟ್ಟೆಗೂ ಹಿತ. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿ, ಆಗದಿದ್ದರೆ ಬೇರ್ಪಡಿಸಿಯಾದರೂ ಕೊಡಿ. ಬೆಂಗಳೂರಿನ ಕಸ ಹೊತ್ತು ಸಾಕಾಗಿ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದದ್ದನ್ನು ಈ ನಗರ ಮರೆಯಬಾರದು.

ಈ ವರ್ಷ ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ನೀವು ಈಗ ಮಾಡುವುದು ನಲವತ್ತು ವರ್ಷ ಹಾಗೇ ಇರುತ್ತದೆ. ಸೋಲಾರ್ ಹೀಟರ್ ಕೂರುವ ಜಾಗದ ನೇರ ಕೆಳಗೆ ಸ್ನಾನದ ಮನೆಗಳು ಬರಲಿ. ಬಿಸಿನೀರಿನ ಪೈಪ್ ಉದ್ದವಾದಷ್ಟೂ ದಿನಾ ಬೆಳಿಗ್ಗೆ ಒಂದು ಬಕೆಟ್ ತಣ್ಣೀರು ಸುಮ್ಮನೆ ಹರಿದುಹೋಗುತ್ತದೆ. ತಾರಸಿಗೆ ಬಿಳಿ ಬಣ್ಣ ಬಳಿಸಿ, ಪಶ್ಚಿಮದ ಗೋಡೆಗೆ ದೊಡ್ಡ ಗಾಜು ಬೇಡ, ಕಿಟಕಿ ಎದುರುಬದುರು ಇಡಿಸಿ. ಬಿಸಿನೀರಿನ ಪೈಪಿಗೆ ಹೊದಿಕೆ ಹಾಕಲು ಗೇಟಿನ ಪೇಂಟಿನಷ್ಟೂ ಖರ್ಚಾಗುವುದಿಲ್ಲ. ಗೋಡೆ ಪ್ಲಾಸ್ಟರ್ ಆಗುವ ಮುಂಚೆ ಪ್ಲಂಬರ್ ಪಕ್ಕದಲ್ಲಿ ನಿಂತು ಹಾಕಿಸಿಬಿಡಿ.