ಯುದ್ಧ ಕಾಣದವರನ್ನು ಯಾರು ಒಪ್ಪಿಸುತ್ತಾರೆ?

ಶಾಂತಿ ಮಾತುಕತೆಗೆ ನಾಗರಿಕ ಸಮಾಜವನ್ನೂ ಸೇರಿಸಿಕೊಳ್ಳಿ ಎಂದರೆ ಈಗ ಯಾರೂ ಬೇಡ ಅನ್ನುವುದಿಲ್ಲ. ಸಂತ್ರಸ್ತರು, ಮಹಿಳಾ ಸಂಘಟನೆಗಳು, ಚರ್ಚಿನವರು ಎಂದು ಪಟ್ಟಿ ಮಾಡಿ ಕುರ್ಚಿ ಹಾಕುತ್ತಾರೆ. ನನ್ನ ತಕರಾರು ಆ ಪಟ್ಟಿಯಲ್ಲಿ ಇಲ್ಲದವರ ಬಗ್ಗೆ.

ಮಧ್ಯ ಅಮೆರಿಕದ ಗ್ವಾಟೆಮಾಲಾ ನೋಡಿ. ಸೇನೆ ಮತ್ತು ಗೆರಿಲ್ಲಾಗಳ ನಡುವೆ 36 ವರ್ಷದ ಯುದ್ಧ. ಸತ್ತವರು, ನಾಪತ್ತೆಯಾದವರು ಸೇರಿ ಸುಮಾರು ಎರಡು ಲಕ್ಷ ಜನ, ಬಹುಪಾಲು ಮಾಯಾ ಮೂಲನಿವಾಸಿಗಳು. 1994ರಲ್ಲಿ ನಾಗರಿಕ ಸಮಾಜಕ್ಕೆಂದೇ ಒಂದು ಸಭೆ ಕಟ್ಟಿದರು. ಬಿಷಪ್ ಕೆಸಾಡಾ ಟೊರುನ್ಯೋ ಅದರ ಅಧ್ಯಕ್ಷರು. ಕಾರ್ಮಿಕ ಸಂಘದವರು, ಮಾಯಾ ಸಂಘಟನೆಗಳು, ಹೆಂಗಸರು, ಪತ್ರಕರ್ತರು ಎಲ್ಲ ಒಟ್ಟಿಗೆ ಕೂತು ಕರಡು ಬರೆದರು. ಅದನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ಸಂಧಾನಕಾರರಿಗೆ ಇರಲಿಲ್ಲ. ಆದರೂ 1995ರ ಮೂಲನಿವಾಸಿ ಹಕ್ಕುಗಳ ಒಪ್ಪಂದದಲ್ಲಿ ಆ ಕರಡಿನ ಬಹಳಷ್ಟು ಅಂಶಗಳು ಸೇರಿದವು. ದೊಡ್ಡ ಉದ್ಯಮಿಗಳ, ಜಮೀನ್ದಾರರ ಒಕ್ಕೂಟ ಮಾತ್ರ ಆ ಸಭೆಗೆ ಕಾಲಿಡಲಿಲ್ಲ.

1996ರ ಡಿಸೆಂಬರಿನಲ್ಲಿ ಕೊನೆಯ ಸಹಿ ಬಿತ್ತು. 1999ರ ಮೇನಲ್ಲಿ, ಒಪ್ಪಂದಕ್ಕೆ ತಕ್ಕಂತೆ ಸಂವಿಧಾನ ತಿದ್ದಲು ಜನಮತ ಕೇಳಿದರು. ಐವರಲ್ಲಿ ಒಬ್ಬರೂ ಮತಗಟ್ಟೆಗೆ ಬರಲಿಲ್ಲ. ಹತ್ಯಾಕಾಂಡಗಳನ್ನು ಕಂಡಿದ್ದ ಮಾಯಾ ಬೆಟ್ಟಸೀಮೆ ಬಹುಮಟ್ಟಿಗೆ ಹೌದು ಅಂದಿತು, ರಾಜಧಾನಿ ಬೇಡ ಅಂದಿತು. ತಿದ್ದುಪಡಿ ಬಿದ್ದುಹೋಯಿತು.

ಕೊಲಂಬಿಯಾದಲ್ಲೂ ಹೆಚ್ಚುಕಡಿಮೆ ಇದೇ. 2014ರಲ್ಲಿ 60 ಸಂತ್ರಸ್ತರು ತಂಡತಂಡವಾಗಿ, ಶಾಂತಿ ಮಾತುಕತೆ ನಡೆಯುತ್ತಿದ್ದ ಕ್ಯೂಬಾದ ಹವಾನಾಕ್ಕೆ ಹೋಗಿ ಸರ್ಕಾರ, ಗೆರಿಲ್ಲಾ ಪಡೆ ಫಾರ್ಕ್ ಇಬ್ಬರ ಮುಖಕ್ಕೇ ತಮಗಾದದ್ದನ್ನು ಹೇಳಿದರು. ಬೊಹಾಯಾ ಎಂಬ ಊರಲ್ಲಿ 2002ರಲ್ಲಿ ಚರ್ಚಿನೊಳಗೆ ಅಡಗಿದ್ದ ಜನರ ಮೇಲೆ ಫಾರ್ಕ್‌ನ ಬಾಂಬು ಬಿದ್ದು ಹತ್ತಾರು ಮಂದಿ, ಅದರಲ್ಲೂ ಮಕ್ಕಳು, ಸತ್ತಿದ್ದರು. ಶಾಂತಿ ಒಪ್ಪಂದದ ಬಗ್ಗೆ ಕೇಳಿದ 2016ರ ಜನಮತದಲ್ಲಿ ಆ ಊರು ಶೇ. 96ರಷ್ಟು ಹೌದು ಎಂದಿತು! ದೇಶ ಕೂದಲೆಳೆಯ ಅಂತರದಲ್ಲಿ ಬೇಡ ಎಂದಿತು. (ಅಲ್ಲಿನ ರಾಜಧಾನಿ ಬೊಗೋಟಾ ಹೌದು ಎಂದಿತ್ತು, ಹಾಗಾಗಿ ಹಳ್ಳಿ-ಪಟ್ಟಣ ಅಂತ ಸಲೀಸಾಗಿ ಗೆರೆ ಎಳೆಯಲು ಬರುವುದಿಲ್ಲ.)

ನೊಂದವರಲ್ಲಿ ಎಷ್ಟೋ ಮಂದಿಗೆ ಯುದ್ಧ ನಿಂತರೆ ಸಾಕಾಗಿರುತ್ತದೆ. ದೂರದಿಂದ ನೋಡಿದವರಿಗೆ ಅದೇ ಒಪ್ಪಂದ ಕೊಲೆಗಡುಕರಿಗೆ ಕೊಟ್ಟ ಮಾಫಿಯಂತೆ ಕಾಣುತ್ತದೆ. ಆ ಸಿಟ್ಟನ್ನು ಮೂರ್ಖತನ ಎಂದು ತಳ್ಳಿಹಾಕಲಾರೆ. ಆದರೆ ಶಾಂತಿಯ ಕೆಲಸಕ್ಕೆ ಇಳಿದ ಸಂಸ್ಥೆಗಳು ಅವರ ಬಾಗಿಲು ತಟ್ಟುವುದೇ ಅಪರೂಪ. ವ್ಯಾಪಾರಿಗಳ ಸಂಘ, ನಿವೃತ್ತ ಸೈನಿಕರ ಕೂಟ, ಒಪ್ಪಂದವನ್ನು ಶಪಿಸುವ ಪ್ರಾರ್ಥನಾ ಸಭೆ, ಇವೂ ನಾಗರಿಕ ಸಮಾಜವೇ ತಾನೆ? ಅಲ್ಲಿ ಹೋದರೆ ಬೈಗುಳ ಸಿಗುತ್ತದೆ, ವರದಿಗೆ ಹಾಕಲು ಒಳ್ಳೆಯ ಫೋಟೋ ಸಿಗುವುದಿಲ್ಲ. ಹೋಗುವುದಾದರೆ ಸಹಿಗೆ ವರ್ಷಗಳ ಮುಂಚೆಯೇ ಹೋಗಬೇಕು. ಹವಾನಾದಲ್ಲಿ ನಾಲ್ಕು ವರ್ಷ ಕೂತು ಬರೆದ ಒಪ್ಪಂದದ 297 ಪುಟಗಳು ಪ್ರಕಟವಾದದ್ದು ಆಗಸ್ಟ್ ಕೊನೆಗೆ, ಮತದಾನ ನಡೆದದ್ದು ಅಕ್ಟೋಬರ್ 2ಕ್ಕೆ.